ಜೂನ್ ತಿಂಗಳ ಮತ

ಅಕ್ಟೋಬರಿನ ಮತಕ್ಕೆ ದಂಡದ ಹೆದರಿಕೆಯಿದೆ,
ಹೋಗದಿದ್ದರೆ ಸರ್ಕಾರ ಜೇಬಿಗೆ ಕೈಹಾಕುತ್ತದೆ.
ಜೂನಿನ ಮತಕ್ಕೆ ಅದಿಲ್ಲ.
ಮನಸ್ಸಿದ್ದರೆ ಬಾ, ಇಲ್ಲವಾದರೆ ಕಂಬಳಿ ಹೊದ್ದು ಮಲಗು.
ಪಕ್ಷದ ನಾಡಿ ಹಿಡಿದು ನೋಡುವವರು
ಜೂನಿನಲ್ಲೇ ನೋಡಬೇಕು,
ತೆಂಕಣ ಗಾಳಿ ನೀರಿನ ಮೇಲಿಂದ ಬಂದು
ಸೆರ್ರೊ ಗುಡ್ಡದ ತಗಡುಗಳನ್ನು ತಟ್ಟುವಾಗ.

ಗ್ರೀಸ್ ಬೀದಿಯಲ್ಲಿ ನಮ್ಮ ಸಮಿತಿಯ ಕೋಣೆ.
ಇಲ್ಲಿ ಬೀದಿಗಳಿಗೆಲ್ಲ ದೇಶಗಳ ಹೆಸರು;
ನಾನು ಹುಟ್ಟಿದ್ದು ಪ್ರಷ್ಯದಲ್ಲಿ, ಮದುವೆಯಾಗಿ ಫ್ರಾನ್ಸಿಗೆ ಹೋದೆ,
ನಡುವೆ ಆರು ನಿಮಿಷದ ನಡಿಗೆ.
ಬೀಗದ ಕೈ ನನ್ನ ಬಳಿ, ನಲವತ್ತು ವರ್ಷದಿಂದ.
ಬಾಗಿಲನ್ನು ಮೊಣಕಾಲಿನಿಂದ ಒತ್ತಿ,
ಹಿಡಿಯನ್ನು ಕೊಂಚ ಮೇಲಕ್ಕೆತ್ತಿ,
ಒಂದು ಬೈಗುಳ ಬೈದು ತಿರುಗಿಸಬೇಕು. ಆಗ ತೆರೆಯುತ್ತದೆ.
ಈ ವಿದ್ಯೆ ನನಗೊಬ್ಬಳಿಗೇ ಗೊತ್ತು.

ಅದು ನನ್ನ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಮೇಜಿನ ಸುತ್ತ ಕೂತು ಮತಚೀಟಿ ಮಡಚುತ್ತೇವೆ,
ಹೆಬ್ಬೆರಳ ಉಗುರಿನಿಂದ ಗೆರೆ ತೀಡುತ್ತೇವೆ.
ಮಾಂಸದ ಕಾರ್ಖಾನೆಯಲ್ಲಿ ಡಬ್ಬಿ ಮುಚ್ಚಿದ ಕೈ ಇದು;
ಕಾರ್ಖಾನೆಯೇ ಮುಚ್ಚಿತು, ಕೈಗೆ ಸುದ್ದಿ ಮುಟ್ಟಿಲ್ಲ.
ಸೋರೆಬುರುಡೆಯಲ್ಲಿ ಮಾತೆಯ ಕಷಾಯ ಸುತ್ತು ಬರುತ್ತದೆ,
ಮಾತಿಗೆ ಮೊದಲು ಮಾತೆ, ಮಾತು ಮುಗಿದ ಮೇಲೂ ಮಾತೆ.
ವಿಲ್ಮಾರ್ ವರದಿ ಓದುತ್ತಾನೆ. ಓದುತ್ತಲೇ ಇರುತ್ತಾನೆ.
ಹೋದ ಸಲ ಹನ್ನೊಂದು ಜನ ಇದ್ದೆವು,
ಈ ಸಲ ಒಂಬತ್ತು. ಇಬ್ಬರು ಗೋಡೆಯ ಪಟಗಳಲ್ಲಿ.

ಆ ಸಂಜೆ ಯಾನಿನಾ ಬಂದಳು, ಮನೆಮನೆಗೆ ಔಷಧ ಹಂಚುವವಳು,
ಹೆಲ್ಮೆಟ್ಟು ಕಂಕುಳಲ್ಲಿ, ಬೆನ್ನ ಹಿಂದೆ ಹದಿನಾಲ್ಕು ಜನ,
ಕೂರಲು ಕುರ್ಚಿಯಿಲ್ಲದೆ ಸತ್ತವರ ಪಟಗಳ ನಡುವೆ ಒರಗಿ ನಿಂತರು.
"ಪಟ್ಟಿಯ ತಲೆಗೆ ಪ್ರತಿಸಲವೂ ಒಲಿಂಪಿಯೊ ಯಾಕೆ?"
ವಿಲ್ಮಾರ್ ಕನ್ನಡಕ ತೆಗೆದ. ಮುಂದಿನದು ನನಗೆ ಬಾಯಿಪಾಠ:
ಸೈನ್ಯ ಆಳಿದ ಹನ್ನೆರಡು ವರ್ಷ,
ಹಾಸಿಗೆಯ ಹತ್ತಿಯೊಳಗೆ ಹೊಲಿದಿಟ್ಟ ಬಾವುಟ,
ಅವರು ಮುರಿದ ಒಲಿಂಪಿಯೊನ ಮೂರು ಬೆರಳು.
"ಆಗ ನೀನು ಹುಟ್ಟೇ ಇರಲಿಲ್ಲ, ಮಗು."
"ಹೌದು, ಹುಟ್ಟಿರಲಿಲ್ಲ.
ಅದಕ್ಕೆ ಇನ್ನೆಷ್ಟು ದಿನ ಕ್ಷಮೆ ಕೇಳಲಿ?"

ಒಲೆ ಚಟ್ ಎಂದಿತು. ಬೇರಾರೂ ಏನೂ ಅನ್ನಲಿಲ್ಲ.
ಒಲಿಂಪಿಯೊ ಮಾತ್ರ ನಕ್ಕ,
ಆ ಸೊಟ್ಟ ಬೆರಳುಗಳಿಂದಲೇ ಬುರುಡೆ ಚಾಚಿದ.
ಅವಳು ಹೀರಿದಳು.
"ನೀರು ಆರಿಹೋಗಿದೆ," ಅಂದಳು.
ನಿಜ. ಯಾವಾಗಲೋ ಆರಿತ್ತು. ನಾವು ಕುಡಿಯುತ್ತಲೇ ಇದ್ದೆವು.

ಹೊಸ ಪಟ್ಟಿ ಬಂತು, ಹಳದಿ ಕಾಗದ, ಅಗ್ಗದ ಶಾಯಿ.
ಮಡಚಲು ಆ ಮಕ್ಕಳಿಗೆ ಬರುತ್ತಿರಲಿಲ್ಲ;
ಹಗಲು ನಮ್ಮದು ಮಡಚಿ, ಇರುಳು ಅವರದನ್ನೂ ಮಡಚಿಕೊಟ್ಟೆ.
ವಿಲ್ಮಾರ್‌ಗೆ ಹೇಳಲಿಲ್ಲ.

ಭಾನುವಾರ ಶಾಲೆಯ ಗೇಟಿನಿಂದ
ಬ್ರೆಡ್ಡಿನಂಗಡಿ ದಾಟಿ ಸಾಲು ತಿರುಗಿತ್ತು.
ಹಿಂದಿನ ಜೂನಿನಲ್ಲಿ ಮತಗಟ್ಟೆಯ ಹೆಂಗಸು
ಒಂದು ಇಡೀ ಕಾಲುಚೀಲ ಹೆಣೆದು ಮುಗಿಸಿದ್ದಳು.
ಟೈರಿನಂಗಡಿಯ ದಾರ್ವಿನ್, ಚಳಿಗಾಲದಲ್ಲಿ
ಹನ್ನೆರಡಕ್ಕೆ ಮೊದಲು ಕಣ್ಣು ಬಿಡದವನು,
ಒದ್ದೆ ತಲೆ ಬಾಚಿಕೊಂಡು ಬಂದು
"ಅಜ್ಜಿ, ಹಳದೀದು ಒಂದು ಕೊಡು" ಅಂದ.
ಕೊಟ್ಟೆ. ನನ್ನದೇ ಮಡಿಕೆ, ಗುರುತು ಸಿಕ್ಕಿತು.

ಗುಟ್ಟಿನ ಕೋಣೆಯಲ್ಲಿ ನಾನು ಹಾಕಿದ್ದು ಹಳೆಯದನ್ನೇ.
ಮೂರು ಬೆರಳಿನ ಋಣ, ತೀರಿಸಬೇಕಿತ್ತು.
ಎಣಿಕೆಯಲ್ಲಿ ಸೋತೆವು, ಸೋಲೆಂದರೆ ಸೋಲು.
ವಿಲ್ಮಾರ್ ಫೋನಿನಲ್ಲಿ ಅತ್ತ.
ಅವನಿಗೆ ಸಮಾಧಾನ ಹೇಳಿ, ದೀಪ ಆರಿಸಿ
ಬೆಳಗಿನವರೆಗೆ ಒಂದೇ ನಿದ್ದೆ ಮಾಡಿದೆ.
ಅದೇಕೋ ಅವನಿಗಿನ್ನೂ ವಿವರಿಸಲಾಗಿಲ್ಲ.

ಮಂಗಳವಾರ ಬೀಗದ ಕೈ ಒಪ್ಪಿಸಲು ಹೋದೆ.
ವಿದ್ಯೆಯನ್ನೂ ಕಲಿಸಿದೆ: ಮೊಣಕಾಲು, ಹಿಡಿ, ಬೈಗುಳ.
ಯಾನಿನಾ ತಲೆಯಾಡಿಸುತ್ತ ಗೌರವದಿಂದ ಕೇಳಿಸಿಕೊಂಡಳು.
ಆಮೇಲೆ ಗಾಡಿಯ ಡಬ್ಬಿಯಿಂದ ಎಣ್ಣೆ ತೆಗೆದು
ಬೀಗದ ಬಾಯಿಗೆ ಮೂರು ಹನಿ ಬಿಟ್ಟಳು.

ಬಾಗಿಲು ತೆರೆಯಿತು.
ಬೈಗುಳ ನನ್ನ ಬಾಯಲ್ಲೇ ಉಳಿಯಿತು.